ಕಬ್ಬಿನ ದುಡ್ಡು ಕೊಡುವ ದಿನ ಸರ್ಕಾರ ಎಲ್ಲಿರುತ್ತದೆ?

ಕೂಳೆಕಬ್ಬು (ಮಂಡ್ಯ ತಾಲ್ಲೂಕು)
ಭಾನುವಾರ, ಬೆಳಿಗ್ಗೆ 6:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಮಾತು. ಓದಿ, ಒಪ್ಪದಿದ್ದರೆ ಧಾರಾಳವಾಗಿ ಹೇಳಿ.

ನಿನ್ನೆ ಸಂಜೆ ನಮ್ಮೂರ ಅರಳಿಕಟ್ಟೆ ಮೇಲೆ ಜೋರು ಮಾತು ನಡೆಯಿತು. ನಮ್ಮ ದೊಡ್ಡಪ್ಪನ ಮಗ, "ಸರ್ಕಾರ ಯಾವುದಕ್ಕೂ ಕೈ ಹಾಕಬಾರದು, ವ್ಯಾಪಾರ ವ್ಯಾಪಾರದವರಿಗೆ ಬಿಡಬೇಕು" ಎಂದ. ನಮ್ಮ ಮಾವ, "ಸರ್ಕಾರ ನಾಲೆ ತೋಡದಿದ್ದರೆ ನೀನು ಇವತ್ತೂ ಹುರುಳಿ ಚೆಲ್ಲಿಕೊಂಡು ಮಳೆ ನೋಡುತ್ತಿದ್ದೆ" ಎಂದರು. ಇಬ್ಬರ ಮಾತೂ ನನಗೆ ಅರ್ಧ ಸರಿ ಅನ್ನಿಸಿತು. ರಾತ್ರಿ ನಿದ್ದೆ ಹತ್ತಲಿಲ್ಲ.

ನಿದ್ದೆ ಹತ್ತದಿರಲು ಇನ್ನೊಂದು ಕಾರಣವೂ ಇದೆ. ನನ್ನ ಕಬ್ಬು ಕಾರ್ಖಾನೆಗೆ ಹೋಗಿ 74 ದಿನ ಆಯಿತು. ದುಡ್ಡು ಬಂದಿಲ್ಲ. ಯಾವ ಕಾರ್ಖಾನೆ ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಎಕರೆ ಚಿಲ್ಲರೆ ಜಮೀನು, 43 ಟನ್ ಕಬ್ಬು, 4 ಟ್ರ್ಯಾಕ್ಟರ್ ಲೋಡು. ಕಟಾವು, ಸಾಗಣೆ ಕಳೆದು ಕೈಗೆ ಬರಬೇಕಾದ್ದು ಲಕ್ಷದ ಆಸುಪಾಸು.

ಮಲಗಿದಲ್ಲೇ ಲೆಕ್ಕ ಹಾಕಿದೆ. ಈ ಒಂದು ಬೆಳೆಯಲ್ಲಿ ಸರ್ಕಾರ ಎಷ್ಟು ಸಲ ಬಂತು? ನಾಲೆಗೆ ಯಾವಾಗ ನೀರು ಬಿಡಬೇಕು, ಎಷ್ಟು ಕಟ್ಟು (ಸರದಿ) ಬಿಡಬೇಕು ಎಂದು ಹೇಳಿದ್ದು ಸರ್ಕಾರ. ಪಂಪ್‌ಸೆಟ್ಟಿಗೆ 10 ಹೆಚ್‌ಪಿವರೆಗೆ ಕರೆಂಟ್ ಪುಕ್ಕಟೆ, ಅದು ಎಷ್ಟು ಹೊತ್ತಿಗೆ ಬರಬೇಕು ಎನ್ನುವುದೂ ಅವರದ್ದೇ ತೀರ್ಮಾನ. 45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದು ಕಟ್ಟಿದ್ದು ಸರ್ಕಾರ. ನನ್ನ ಊರಿನ ಕಬ್ಬು ಯಾವ ಕಾರ್ಖಾನೆಗೆ ಸೇರಬೇಕು ಎಂದು ಪ್ರದೇಶ ಹಂಚಿದ್ದು ಸರ್ಕಾರ. ಕಾರ್ಖಾನೆ ರೈತನಿಗೆ ಟನ್ನಿಗೆ ಕನಿಷ್ಠ ಇಷ್ಟು ಕೊಡಬೇಕು ಎಂದು ಎಫ್‌ಆರ್‌ಪಿ ಕಟ್ಟಿದ್ದು ಕೇಂದ್ರ ಸರ್ಕಾರ. 2025-26ಕ್ಕೆ ಅದು 10.25 ಇಳುವರಿಗೆ, ಅಂದರೆ ನೂರು ಕೆ.ಜಿ. ಕಬ್ಬಿನಿಂದ 10.25 ಕೆ.ಜಿ. ಸಕ್ಕರೆ ಬಂದರೆ, 3,550 ರೂಪಾಯಿ. ನಮ್ಮ ಕಡೆ ಇಳುವರಿ ಕಮ್ಮಿ ಬರುತ್ತದೆ. 9.5ಕ್ಕಿಂತ ಕೆಳಗೆ ಹೋದರೂ 3,290 ರೂಪಾಯಿ 50 ಪೈಸೆಗಿಂತ ಕೆಳಗೆ ಇಳಿಸುವಂತಿಲ್ಲ. ಅದು ಒಳ್ಳೆಯದೇ. ಕಾರ್ಖಾನೆಯವರು ಸಕ್ಕರೆಯನ್ನು ಕೆ.ಜಿ.ಗೆ 31 ರೂಪಾಯಿಗಿಂತ ಕಮ್ಮಿಗೆ ಮಾರಬಾರದು ಎಂದು 2019ರಲ್ಲಿ ಹೇಳಿದ್ದೂ ಸರ್ಕಾರ.

ಇಷ್ಟು ಕಡೆ ಇರುವ ಸರ್ಕಾರ, 14 ದಿನಕ್ಕೆ ನನ್ನ ದುಡ್ಡು ಬರಬೇಕಾದ ಜಾಗದಲ್ಲಿ ಮಾತ್ರ ಕಾಣುವುದಿಲ್ಲ. 14 ದಿನ ಎನ್ನುವುದು ನಾನು ಹೇಳುವ ಮಾತಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಬರೆದಿದೆ.

ನನ್ನ ಪ್ರಶ್ನೆ ಇಷ್ಟೇ. ಸರ್ಕಾರ ಎಲ್ಲಿ ಇರಬೇಕು? ಎಲ್ಲಿ ಇರಬಾರದು? ಪಕ್ಷದ ಮಾತು ಬೇಡ. ಯಾವ ಪಕ್ಷ ಬಂದಾಗಲೂ ನನ್ನ ದುಡ್ಡು ತಡವಾಗಿದೆ.

ಚಾಮುಂಡಿಪುರಂ ಮೇಷ್ಟ್ರು
ಭಾನುವಾರ, ಬೆಳಿಗ್ಗೆ 8:25

ತಮ್ಮಾ, ನಿಮ್ಮ ಮಾವನ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು 31 ವರ್ಷ ಚರಿತ್ರೆ ಪಾಠ ಮಾಡಿದವನು.

ಈ ಸೀಮೆಯಲ್ಲಿ ಸರ್ಕಾರ ಎಂದರೆ ಬರೀ ಕಂದಾಯ ಎತ್ತುವವರು, ಪೊಲೀಸರು ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಮೈಸೂರು ಸಂಸ್ಥಾನ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಯಿತು. ಮುಗಿಯಲು ಸುಮಾರು 20 ವರ್ಷ ಬೇಕಾಯಿತು. ಯಾವ ಸಾಹುಕಾರ 20 ವರ್ಷ ಕಾಯುತ್ತಿದ್ದ ಹೇಳಿ? ಹಾಕಿದ ದುಡ್ಡಿಗೆ ಮರುವರ್ಷವೇ ಬಡ್ಡಿ ಕೇಳುವವನು ಕಟ್ಟೆ ಕಟ್ಟಲಾರ.

ಆಗ ಈ ನಾಡಿನಲ್ಲಿ ದೊಡ್ಡ ಬಂಡವಾಳ ಇರಲಿಲ್ಲ. ಅದಕ್ಕೇ ಸರ್ಕಾರ ತಾನೇ ಮುಂದೆ ಬಂತು. 1912ರಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ. 1913ರಲ್ಲಿ ಮೈಸೂರು ಬ್ಯಾಂಕ್. 1916ರಲ್ಲಿ ವಿಶ್ವವಿದ್ಯಾನಿಲಯ. ಅದೇ ವರ್ಷ ಬೆಂಗಳೂರಲ್ಲಿ ಸೋಪಿನ ಕಾರ್ಖಾನೆ. 1937ರಲ್ಲಿ ನಮ್ಮ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ. ಇವತ್ತು ದೇಶದಲ್ಲಿ ಯಾರು ಮತ ಹಾಕಿದರೂ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಹೋಗುತ್ತದೆ. 1962ರ ಚುನಾವಣೆಯಿಂದ ಹಾಗೆ.

ಇನ್ನು ನಿಮ್ಮ ಊರಿನ ಮಾತು. ನಾಲೆಯಲ್ಲಿ ನೀರು ಬಂತು. ಆ ನೀರಿಗೆ ತಕ್ಕ ಬೆಳೆ ಬೇಕಿತ್ತು, ಬೆಳೆ ಬಂದರೆ ಕೊಳ್ಳುವವರು ಬೇಕಿತ್ತು. ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಂಡ್ಯಕ್ಕೆ ಕಬ್ಬೇ ಸರಿ ಎಂದು ಹಟ ಹಿಡಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಮಂಡ್ಯದ ಸಕ್ಕರೆ ಕಾರ್ಖಾನೆ ನಡೆಸುವ ಮೈಷುಗರ್ ಕಂಪನಿ ಹುಟ್ಟಿತು. ಸರ್ಕಾರದ ಜೊತೆಗೆ ರೈತರೂ ಷೇರು ಹಾಕಿದರು. ಕಟ್ಟೆ, ನಾಲೆ, ಬೆಳೆ, ಕಾರ್ಖಾನೆ, ನಾಲ್ಕನ್ನೂ ಒಂದಕ್ಕೊಂದು ಕಟ್ಟಿದ್ದು ಸರ್ಕಾರ. ಇದರಲ್ಲಿ ಒಂದನ್ನು ಬಿಟ್ಟಿದ್ದರೂ ಮಂಡ್ಯ ಇವತ್ತಿನ ಮಂಡ್ಯ ಆಗುತ್ತಿರಲಿಲ್ಲ.

ಆದ್ದರಿಂದ ಸರ್ಕಾರ ದೂರ ಇರಲಿ ಎನ್ನುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರು ಕುಡಿಯುವ ನೀರೂ ಸರ್ಕಾರ ತಂದದ್ದೇ.

ಹೆಬ್ಬಾಳ ವರ್ಕ್‌ಶಾಪ್
ಭಾನುವಾರ, ಬೆಳಿಗ್ಗೆ 10:02

ಮೇಷ್ಟ್ರೇ, ನೀವು ಹೇಳಿದ್ದು ಒಂದೂ ಸುಳ್ಳಲ್ಲ. ಆದರೆ ಅದೆಲ್ಲ ಶುರು ಮಾಡಿದ ಕಥೆ. ಶುರು ಮಾಡುವುದು ಬೇರೆ, ದಿನಾ ನಡೆಸುವುದು ಬೇರೆ.

ನನ್ನದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಚಿಕ್ಕ ವರ್ಕ್‌ಶಾಪ್. ಮೂರು ಲೇತ್, ಒಂದು ಮಿಲ್ಲಿಂಗ್ ಮಷೀನ್, ಐದು ಜನ ಹುಡುಗರು. ನಮ್ಮ ಊರಿನಲ್ಲೇ ವಿಕ್ರಾಂತ್ ಟೈರ್ಸ್ ಇತ್ತಲ್ಲ, ಅದಕ್ಕೂ ರಾಜ್ಯ ಸರ್ಕಾರದ ಕೈ ಇತ್ತು. 1997ರಲ್ಲಿ ಜೆಕೆ ಟೈರ್‌ನವರ ಕೈಗೆ ಹೋಯಿತು. ಕಾರ್ಖಾನೆ ಮುಚ್ಚಲಿಲ್ಲ. ಇವತ್ತೂ ಟೈರ್ ಬರುತ್ತಿದೆ. ಸರ್ಕಾರ ಹುಟ್ಟಿಸಿತು, ಬೆಳೆಸಿತು, ಬಿಟ್ಟುಕೊಟ್ಟಿತು. ಹೀಗೂ ಆಗಬಹುದು ಅಲ್ವಾ?

ನನ್ನ ನೋವು ಹೇಳುತ್ತೇನೆ. ಸರ್ಕಾರಕ್ಕೆ ಸೇರಿದ ಒಂದು ಸಂಸ್ಥೆಗೆ ಬಿಡಿಭಾಗ ಮಾಡಿಕೊಟ್ಟೆ. ಹೆಸರು ಬೇಡ. ಬಿಲ್ ಕೊಟ್ಟು ಏಳು ತಿಂಗಳು. ಸಣ್ಣ ಕೈಗಾರಿಕೆಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ದೂರು ಕೊಡಲು 'ಸಮಾಧಾನ್' ಎನ್ನುವ ಆನ್‌ಲೈನ್ ವ್ಯವಸ್ಥೆಯೂ ಇದೆ.

ನಾನು ದೂರು ಕೊಟ್ಟಿಲ್ಲ. ಕೊಟ್ಟರೆ ಮುಂದಿನ ಆರ್ಡರ್ ನನಗೆ ಬರುವುದಿಲ್ಲ. ಐದು ಜನರ ಸಂಬಳ ಆ ಆರ್ಡರ್ ಮೇಲೆ ನಿಂತಿದೆ.

ಕೂಳೆಕಬ್ಬು
ಭಾನುವಾರ, ಬೆಳಿಗ್ಗೆ 10:20

ಅಣ್ಣ, ಇದನ್ನು ಓದಿ ಎದ್ದು ಕುಳಿತೆ. ನಮ್ಮದೂ ಇದೇ. ದೂರು ಕೊಟ್ಟವನಿಗೆ ಮುಂದಿನ ವರ್ಷ ಕಟಾವಿನ ಪರ್ಮಿಟ್ ತಡವಾದರೆ? ಕಬ್ಬು ಸೂಲಂಗಿ (ಹೂ) ಬಿಡುತ್ತದೆ, ಒಣಗುತ್ತದೆ, ತೂಕ ಬೀಳುತ್ತದೆ. ಯಾರೂ ಬೆದರಿಸಬೇಕಾಗಿಲ್ಲ. ನಾವೇ ಹೆದರಿಕೊಂಡು ಸುಮ್ನೆ ಇರುತ್ತೇವೆ.

ಮಾನಸಗಂಗೋತ್ರಿ ಹುಡುಗ
ಭಾನುವಾರ, ಮಧ್ಯಾಹ್ನ 12:40

ನಾನು ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನನಗೆ ಅನ್ನಿಸುವುದು, ನಾವು 'ಸರ್ಕಾರ' ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಕೆಲಸ ತುರುಕುತ್ತಿದ್ದೇವೆ. ಕಟ್ಟೆ ಕಟ್ಟುವ ಸರ್ಕಾರ ಒಂದು. ಕಾರ್ಖಾನೆ ಇಟ್ಟುಕೊಂಡ ಸರ್ಕಾರ ಇನ್ನೊಂದು. ಬೆಲೆ ಕಟ್ಟುವ, ತಕ್ಕಡಿ ನೋಡುವ, ಜಗಳ ಬಿಡಿಸುವ ಸರ್ಕಾರ ಮತ್ತೊಂದು. ಮೇಷ್ಟ್ರು ಮೊದಲನೆಯದನ್ನು ಹೊಗಳಿದರು, ವರ್ಕ್‌ಶಾಪ್ ಅಣ್ಣ ಎರಡನೆಯದನ್ನು ಬೈದರು. ಕೂಳೆಕಬ್ಬು ಅಣ್ಣ ಕೇಳಿದ್ದು ಮೂರನೆಯದರ ಬಗ್ಗೆ.

ಸಂವಿಧಾನವೂ ಇಲ್ಲಿ ಒಂದೇ ದಾರಿ ಹಿಡಿದಿಲ್ಲ. 19(1)(ಜಿ) ವಿಧಿ ಯಾವ ಉದ್ಯೋಗ, ವ್ಯಾಪಾರವನ್ನಾದರೂ ಮಾಡುವ ಹಕ್ಕು ಕೊಟ್ಟಿದೆ. 1951ರ ಮೊದಲ ತಿದ್ದುಪಡಿ, ಸರ್ಕಾರ ತಾನೇ ಒಂದು ವ್ಯಾಪಾರವನ್ನು ಪೂರ್ತಿ ವಹಿಸಿಕೊಳ್ಳಲೂಬಹುದು ಎಂದು ಸೇರಿಸಿತು. 39ನೇ ವಿಧಿ, ಸಮುದಾಯದ ಸಂಪತ್ತು ಎಲ್ಲರ ಒಳ್ಳೆಯದಕ್ಕೆ ಹಂಚಿಕೆ ಆಗಬೇಕು ಎನ್ನುತ್ತದೆ. ಹಾಗೆಂದು ಖಾಸಗಿಯವರ ಆಸ್ತಿ ಎಲ್ಲವೂ ಸಮುದಾಯದ ಸಂಪತ್ತು ಅಲ್ಲ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಬಹುಮತದಿಂದ ಹೇಳಿತು. ಅಂದರೆ ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಇನ್ನೂ ನಮ್ಮ ಮುಂದಿರುವ ಪ್ರಶ್ನೆಯೇ.

ಸಕ್ಕರೆಯಲ್ಲಿ ಕೇಂದ್ರ ಒಂದು ಕೈಯಲ್ಲಿ ಬಿಡುತ್ತದೆ, ಇನ್ನೊಂದು ಕೈಯಲ್ಲಿ ಹಿಡಿಯುತ್ತದೆ. ಕಾರ್ಖಾನೆಗಳು ಪಡಿತರಕ್ಕೆ ಕೊಡಬೇಕಿದ್ದ ಲೆವಿ ಸಕ್ಕರೆ 2013ರಲ್ಲಿ ಹೋಯಿತು. ಯಾವ ಕಾರ್ಖಾನೆ ತಿಂಗಳಿಗೆ ಎಷ್ಟು ಮಾರಬೇಕು ಎಂಬ ಲೆಕ್ಕ 2018ರಲ್ಲಿ ಮತ್ತೆ ಬಂತು. ಎಥೆನಾಲ್ ಮಾಡಿ ಎಂದು ಹುರಿದುಂಬಿಸಿದರು. ಸಾಲ ತೆಗೆದು ಘಟಕ ಹಾಕಿದ ಮೇಲೆ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕಡಿವಾಣ ಬಿತ್ತು. ಮುಂದಿನ ವರ್ಷ ಅದೂ ಸಡಿಲವಾಯಿತು. ಇಂಥ ಏರಿಳಿತದ ಪೆಟ್ಟು ಕೊನೆಗೆ ಬೀಳುವುದು ರೈತನ ಬಾಕಿಯ ಮೇಲೆ. ಕಾರ್ಖಾನೆಯವರ ಕೈಯಲ್ಲಿ ದುಡ್ಡು ಕಮ್ಮಿಯಾದರೆ ಅವರು ಬ್ಯಾಂಕಿಗೆ ಮೊದಲು ಕಟ್ಟುತ್ತಾರೆ, ರೈತನಿಗೆ ಕೊನೆಗೆ.

ಹಳೇ ರಸ್ತೆ, ಮದ್ದೂರು
ಭಾನುವಾರ, ಮಧ್ಯಾಹ್ನ 2:15

ನನ್ನದು ಎರಡೇ ಮಾತು. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ರಸ್ತೆ ಚೆನ್ನಾಗಿದೆ. ಆಂಬುಲೆನ್ಸ್ ಬೇಗ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಊರಿನ ಹೊರಗೆ ಬೈಪಾಸ್ ಆದ ಮೇಲೆ ನಮ್ಮ ಅಂಗಡಿ ಮುಂದೆ ಕಾರು ನಿಲ್ಲುವುದು ನಿಂತಿತು. ವಡೆ ಕರಿಯುವ ಬಾಣಲೆ ಎರಡಿತ್ತು, ಈಗ ಒಂದು. ಜಮೀನು ಕೊಟ್ಟವರಿಗೆ ಪರಿಹಾರ ಇತ್ತು. ವ್ಯಾಪಾರ ಕಳೆದುಕೊಂಡವರ ಹೆಸರು ಯಾವ ಕಡತದಲ್ಲೂ ಇಲ್ಲ. ಸರ್ಕಾರ ದೊಡ್ಡ ಕೆಲಸ ಮಾಡುವಾಗ ಬದಿಯಲ್ಲಿ ಯಾರು ಕೂತಿದ್ದಾರೆ ಎಂದು ನೋಡಬೇಕು. ರಸ್ತೆ ಬೇಡ ಎನ್ನುತ್ತಿಲ್ಲ.

ಪಂಚಾಯ್ತಿ ಮೆಂಬರ್ (ಪಾಂಡವಪುರ ಕಡೆ)
ಭಾನುವಾರ, ಸಂಜೆ 4:50

ನಾನು ಗ್ರಾಮ ಪಂಚಾಯ್ತಿ ಸದಸ್ಯೆ. ಇಲ್ಲಿ ಮಾತಾಡುತ್ತಿರುವವರೆಲ್ಲ ಗಂಡಸರು ಎಂದು ಕಾಣುತ್ತದೆ. ಅದಕ್ಕೇ ಯಾರೂ ಗೃಹಲಕ್ಷ್ಮಿ ಮಾತು ಎತ್ತಲಿಲ್ಲ.

2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಆ ಯೋಜನೆ ಶುರುವಾದಾಗ ನಾನೂ ಹೋಗಿದ್ದೆ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಬಿಟ್ಟಿ ಭಾಗ್ಯ ಎಂದು ಬೈಯುವವರು ನಮ್ಮೂರಲ್ಲೂ ಇದ್ದಾರೆ. ಬೈಯಲಿ. ನಾನು ಕಂಡದ್ದು ಹೇಳುತ್ತೇನೆ. ನಮ್ಮ ಬೀದಿಯ ಒಬ್ಬ ಅಜ್ಜಿ 40 ವರ್ಷದಲ್ಲಿ ಮೊದಲ ಸಲ ಮಗನ ಕೈ ನೋಡದೆ ಕನ್ನಡಕ ಮಾಡಿಸಿಕೊಂಡರು. ಬಸ್ಸಿಗೆ ದುಡ್ಡಿಲ್ಲದ ದಿನ ಗಾರ್ಮೆಂಟ್ಸ್‌ಗೆ ರಜೆ ಹಾಕುತ್ತಿದ್ದ ಹೆಣ್ಣುಮಕ್ಕಳು ಈಗ ರಜೆ ಹಾಕುವುದಿಲ್ಲ. ಅವರು ದುಡಿದರೆ ಅದು ಆರ್ಥಿಕತೆ ಅಲ್ವಾ?

ಇನ್ನೊಂದು ಗಮನಿಸಿ. ಈ ದುಡ್ಡು ಕೇಳಲು ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ. ಒಂದು ಸಲ ಅರ್ಜಿ, ಆಮೇಲೆ ಖಾತೆಗೆ ಬರುತ್ತದೆ. ಮೊದಲೆಲ್ಲ ಒಂದು ಪೆನ್ಷನ್‌ಗೆ ಎಷ್ಟು ಜನರ ಕಾಲು ಹಿಡಿಯಬೇಕಿತ್ತು! ಕೆಲವು ತಿಂಗಳು ಕಂತು ತಡವಾಗಿದೆ, ಅದನ್ನೂ ಹೇಳುತ್ತೇನೆ. ತಡವಾದಾಗ ಹೆಂಗಸರು ನನ್ನನ್ನೇ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇರುವುದಿಲ್ಲ. ಪಂಚಾಯ್ತಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹೆಬ್ಬಾಳ ವರ್ಕ್‌ಶಾಪ್
ಭಾನುವಾರ, ಸಂಜೆ 6:05

ಅಕ್ಕಾ, ನಿಮ್ಮ ಮಾತಿಗೆ ಗೌರವ ಇದೆ. ನಮ್ಮ ತಾಯಿಗೂ ಬರುತ್ತದೆ. ಆದರೆ ಲೆಕ್ಕವನ್ನೂ ನೋಡಬೇಕು. ಐದು ಗ್ಯಾರಂಟಿಗೆ 2024-25ರಲ್ಲಿ ಇಟ್ಟ ದುಡ್ಡು ಸುಮಾರು 52,000 ಕೋಟಿ. ಅದು ಎಲ್ಲಿಂದಲೋ ಬರಬೇಕು. ನನ್ನಂಥವರ ತೆರಿಗೆಯಿಂದ, ಇಲ್ಲದಿದ್ದರೆ ಸಾಲದಿಂದ. ನಮ್ಮ ಕೈಗಾರಿಕಾ ಪ್ರದೇಶದ ಒಳರಸ್ತೆ ಮಳೆಗಾಲದಲ್ಲಿ ಬಂದು ನೋಡಿ. ಸರಕು ತುಂಬಿದ ಟೆಂಪೋ ವಾಲುತ್ತದೆ. ಕೊಡುವುದು ತಪ್ಪಲ್ಲ. ಕೊಟ್ಟ ಮೇಲೆ ರಸ್ತೆಗೆ, ನಾಲೆಗೆ, ಬಿಲ್ಲಿಗೆ ಉಳಿಯದಿದ್ದರೆ ಕಷ್ಟ.

ಪಂಚಾಯ್ತಿ ಮೆಂಬರ್ (ಪಾಂಡವಪುರ ಕಡೆ)
ಭಾನುವಾರ, ಸಂಜೆ 6:30

ಒಪ್ಪಿದೆ ಅಣ್ಣ. ಆದರೆ ದೊಡ್ಡ ಕಂಪನಿಗೆ ಜಾಗ, ತೆರಿಗೆ ರಿಯಾಯಿತಿ ಕೊಟ್ಟಾಗ ಪ್ರೋತ್ಸಾಹ ಎನ್ನುತ್ತೇವೆ. ಹೆಂಗಸಿಗೆ 2,000 ಕೊಟ್ಟಾಗ ಬಿಟ್ಟಿ ಎನ್ನುತ್ತೇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ ಎನ್ನುವುದಷ್ಟೇ ನನ್ನ ಮಾತು.

ಕೂಳೆಕಬ್ಬು
ಭಾನುವಾರ, ರಾತ್ರಿ 9:15

ಹಾಲು ಡೇರಿಗೆ ಹಾಕಿ ಬಂದು ಎಲ್ಲವನ್ನೂ ಮತ್ತೆ ಓದಿದೆ. ಮೇಷ್ಟ್ರೇ, ಮೈಷುಗರ್ ಎಂದರೆ ನಮಗೆ ಬರೀ ಕಾರ್ಖಾನೆ ಅಲ್ಲ. ನಮ್ಮ ತಾತನ ಷೇರು ಕಾಗದ ಇವತ್ತೂ ದೇವರ ಮನೆಯ ಗೂಡಿನಲ್ಲಿದೆ. ಅದು ವರ್ಷಗಟ್ಟಲೆ ನಿಂತಾಗ ಮಂಡ್ಯ ಪೇಟೆಯೇ ಸೊರಗಿತು. 2021ರಲ್ಲಿ ಖಾಸಗಿಗೆ ಕೊಡುವ ಮಾತು ಬಂದಾಗ ನಾನೂ ಧರಣಿಯಲ್ಲಿ ಕೂತಿದ್ದೆ. ಸರ್ಕಾರವೇ ನಡೆಸಲಿ ಎಂದು ಕೂಗಿದ್ದೆ. 2022ರಲ್ಲಿ ಮತ್ತೆ ಕಬ್ಬು ಅರೆದಾಗ ಕಣ್ಣಲ್ಲಿ ನೀರು ಬಂತು. ಇವತ್ತು ಕೇಳಿದರೂ ಅದೇ ಹೇಳುತ್ತೇನೆ. ಅದು ಸರ್ಕಾರದ ಕೈಯಲ್ಲೇ ಇರಲಿ. ಇರುವ ಕಾರ್ಖಾನೆಯೆಲ್ಲ ಒಂದೇ ಬಗೆಯವರ ಕೈಗೆ ಹೋದರೆ ನಮಗೆ ಇನ್ನೊಂದು ಬಾಗಿಲು ಇರುವುದಿಲ್ಲ.

ಆದರೆ ನನಗೆ ಹಿಡಿಸದ ಒಂದು ವಿಷಯ ಇದೆ. ಮಾಲು ಕೊಳ್ಳುವವನೇ ತಕ್ಕಡಿ ಹಿಡಿದರೆ ಮಾರುವವನು ಯಾರನ್ನು ಕೇಳಬೇಕು? ಕಬ್ಬಿನ ತೂಕ ಆಗುವುದು ಕಾರ್ಖಾನೆ ತಕ್ಕಡಿಯಲ್ಲಿ. ಇಳುವರಿ ಇಷ್ಟು ಎಂದು ಹೇಳುವುದು ಕಾರ್ಖಾನೆ ಲ್ಯಾಬು. ಆ ಇಳುವರಿ ಮೇಲೆ ಬೆಲೆ. ಖಾಸಗಿ ಆದರೂ ಅಷ್ಟೇ, ಸರ್ಕಾರಿ ಆದರೂ ಅಷ್ಟೇ. ತಕ್ಕಡಿಯನ್ನೂ ಲ್ಯಾಬನ್ನೂ ಬೇರೆಯವರು ಹಿಡಿಯಬೇಕು.

ಹಾಗಾದರೆ ಸರ್ಕಾರ ಪೂರ್ತಿ ಹೊರಗಿದ್ದರೆ ಹೇಗಿರುತ್ತದೆ? ಅದನ್ನೂ ನಾನು ನೋಡಿದ್ದೇನೆ. ದೂರ ಹೋಗಬೇಕಿಲ್ಲ, ನಮ್ಮೂರ ಆಲೆಮನೆಗೆ ಬನ್ನಿ.

ಬೆಲ್ಲಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಎಫ್‌ಆರ್‌ಪಿ ಇಲ್ಲ, ಪರ್ಮಿಟ್ ಇಲ್ಲ. ಇಷ್ಟ ಬಂದಾಗ ಕಡಿ, ಗಾಣಕ್ಕೆ ಕೊಡು, ದುಡ್ಡು ಎಣಿಸಿಕೋ. ಮಗಳ ಫೀಸು ಕಟ್ಟಬೇಕಾದ ವಾರ ಆಲೆಮನೆಯೇ ದೇವರು. 14 ದಿನದ ಮಾತೇ ಬರುವುದಿಲ್ಲ. ಆದರೆ ಬೆಲೆ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುವುದಿಲ್ಲ. ಮಂಡ್ಯ ಮಾರುಕಟ್ಟೆಗೆ ಬೆಲ್ಲ ಜಾಸ್ತಿ ಬಂದ ದಿನ ಬೆಲೆ ಬೀಳುತ್ತದೆ. ಬಿದ್ದರೆ ಹಿಡಿಯುವವರಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಬೇರೆ. ನಮ್ಮ ತಂದೆ ಕಾಲದಲ್ಲಿ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ಬೆಲ್ಲ ಕಂದು ಬಣ್ಣ ಇರುತ್ತಿತ್ತು. ಕೊಳ್ಳುವವರು ಬೆಳ್ಳಗಿನ ಬೆಲ್ಲ ಕೇಳಲು ಶುರು ಮಾಡಿದರು. ಬಣ್ಣ ಬೆಳ್ಳಗೆ ಮಾಡುವ ಹೈಡ್ರೋಸ್ ಎಂಬ ರಾಸಾಯನಿಕ ಬಂತು. ಆಮೇಲೆ ಹಳೇ ಸಕ್ಕರೆ ಸುರಿಯುವುದು ಬಂತು. ಹಾಗೆ ಮಾಡಿದವನ ಬೆಲ್ಲ ನೋಡಲು ಚೆಂದ, ಖರ್ಚೂ ಕಮ್ಮಿ. ಹಾಕದವನ ಬೆಲ್ಲ ಗಿರಾಕಿ ಮುಟ್ಟುವುದಿಲ್ಲ. ನಮ್ಮ ಪಕ್ಕದ ಆಲೆಮನೆಯವರು ಮೂರು ವರ್ಷ ಹಟ ಹಿಡಿದು ಏನೂ ಬೆರೆಸದೆ ಮಾಡಿದರು. ನಾಲ್ಕನೇ ವರ್ಷ ಒಲೆ ಆರಿಸಿದರು. ಅವರು ಸೋತದ್ದು ಕೆಟ್ಟ ಬೆಲ್ಲ ಮಾಡಿ ಅಲ್ಲ, ಒಳ್ಳೆ ಬೆಲ್ಲ ಮಾಡಿ. ಮಂಡ್ಯ ಬೆಲ್ಲದ ಹೆಸರು ಕೆಟ್ಟದ್ದು ಹೀಗೆ.

ಅಲ್ಲಿ ಬೆಲೆ ಕಟ್ಟುವ ಸರ್ಕಾರ ನನಗೆ ಬೇಡ. ಬೆರಕೆ ಹಿಡಿಯುವ ಸರ್ಕಾರ ಬೇಕು. ಅದೂ ದೂರು ಬಂದಾಗ ಅಲ್ಲ. ಪ್ರತಿ ವಾರ, ತಾನಾಗೇ ಬಂದು, ಎಲ್ಲರ ಬೆಲ್ಲವನ್ನೂ ನೋಡುವಂಥದ್ದು.

ಹೆಬ್ಬಾಳ ವರ್ಕ್‌ಶಾಪ್
ಭಾನುವಾರ, ರಾತ್ರಿ 10:10

"ತಾನಾಗೇ ಬಂದು" ಎಂದಿರಲ್ಲ, ಅಲ್ಲಿ ನನಗೆ ಒಂದು ನೆನಪಾಯಿತು.

ಆದಾಯ ತೆರಿಗೆಯಲ್ಲಿ ಈಚೆಗೆ ಒಂದು ನಿಯಮ ಬಂತು. 2023-24ರ ಲೆಕ್ಕದಿಂದ ಜಾರಿ. ಸಣ್ಣ ಕೈಗಾರಿಕೆಯವರಿಗೆ ಕಾಯ್ದೆ ಹೇಳಿದ ದಿನದೊಳಗೆ ದುಡ್ಡು ಕೊಡದಿದ್ದರೆ, ಕೊಳ್ಳುವವನು ಅದನ್ನು ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ. ಖರ್ಚು ಕಮ್ಮಿ ಕಂಡರೆ ಲಾಭ ಜಾಸ್ತಿ ಕಾಣುತ್ತದೆ, ತೆರಿಗೆ ಜಾಸ್ತಿ ಬೀಳುತ್ತದೆ. ಅಷ್ಟೇ. ನಾನು ದೂರು ಕೊಡಬೇಕಿಲ್ಲ, ಕೋರ್ಟಿಗೆ ಹೋಗಬೇಕಿಲ್ಲ, ಗಿರಾಕಿ ಜೊತೆ ಮುಖ ಕೆಡಿಸಿಕೊಳ್ಳಬೇಕಿಲ್ಲ. ಅವರ ಆಡಿಟರ್ರೇ ಅವರಿಗೆ ಹೇಳುತ್ತಾರೆ. ನನ್ನ ಇಬ್ಬರು ಖಾಸಗಿ ಗಿರಾಕಿಗಳು ಆ ವರ್ಷ ಮಾರ್ಚ್ ಕೊನೆಯೊಳಗೆ ತಾವಾಗೇ ಫೋನ್ ಮಾಡಿ ಹಳೇ ಬಾಕಿ ಎಲ್ಲ ಕಟ್ಟಿದರು. 18 ವರ್ಷದಲ್ಲಿ ಮೊದಲ ಸಲ.

ದೊಡ್ಡ ಗಿರಾಕಿಗಳಲ್ಲಿ ಕೆಲವರು ಇದೇ ಕಾರಣಕ್ಕೆ ಸಣ್ಣವರಿಂದ ಕೊಳ್ಳುವುದನ್ನೇ ಕಮ್ಮಿ ಮಾಡಿದರು ಎಂದು ನಮ್ಮ ಪಕ್ಕದ ಶೆಡ್ಡಿನವರು ಹೇಳುತ್ತಾರೆ. ಅದೂ ಇರಬಹುದು. ಆದರೂ ಆ ನಿಯಮ ನನಗೆ ಇಷ್ಟ. ನಾನು ಸರ್ಕಾರ ದೂರ ಇರಲಿ ಎಂದು ಬೆಳಿಗ್ಗೆ ಬರೆದವನು. ಈಗ ಅನ್ನಿಸುತ್ತದೆ, ದೂರ ಇರುವುದಲ್ಲ. ಬಲ ಇಲ್ಲದವನು ಬಾಯಿ ಬಿಡದೆಯೂ ನಡೆಯುವ ಕಾನೂನು ಮಾಡುವುದು. ಅದು ಸರ್ಕಾರ ಬಿಟ್ಟು ಬೇರೆ ಯಾರ ಕೈಲೂ ಆಗುವುದಿಲ್ಲ.

ಕೂಳೆಕಬ್ಬು
ಭಾನುವಾರ, ರಾತ್ರಿ 10:25

ಅಣ್ಣ, ನಾನು ಬೆಳಿಗ್ಗೆಯಿಂದ ಹುಡುಕುತ್ತಿದ್ದ ಮಾತು ಇದೇ. ಕಬ್ಬಿಗೂ ಹೀಗೆ ಮಾಡಲಿ. 15ನೇ ದಿನ ರೈತನ ಖಾತೆಗೆ ದುಡ್ಡು ಬಂದಿಲ್ಲ ಎಂದರೆ ಆ ಕಾರ್ಖಾನೆಯ ಮುಂದಿನ ತಿಂಗಳ ಸಕ್ಕರೆ ಮಾರಾಟದ ಲೆಕ್ಕ ತಾನಾಗೇ ಕಡಿತ ಆಗಲಿ. ತಿಂಗಳ ಲೆಕ್ಕ ಹೇಗೂ ಕೇಂದ್ರವೇ ಕೊಡುತ್ತದೆ. ತೂಕದ ಚೀಟಿ ಕಂಪ್ಯೂಟರಿನಲ್ಲಿದೆ. ಖಾತೆ ಬ್ಯಾಂಕಿನಲ್ಲಿದೆ. ನಾನು ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ.

ಚಾಮುಂಡಿಪುರಂ ಮೇಷ್ಟ್ರು
ಸೋಮವಾರ, ಬೆಳಿಗ್ಗೆ 7:00

ನೀವಿಬ್ಬರೂ ನನಗೆ ಪಾಠ ಹೇಳಿದಿರಿ. ಸಂತೋಷ. ನಾನು ನಿನ್ನೆ ಕಟ್ಟಿದವರ ಕಥೆ ಮಾತ್ರ ಹೇಳಿದೆ. ಕೇಳಿದವರ ಕಥೆ ಬಿಟ್ಟೆ.

1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ 144 ಜನ. ದಸರಾ ಹೊತ್ತಿಗೆ ಮೈಸೂರಿಗೆ ಬಂದು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ದೂರು ದಿವಾನರ ಮುಂದೆ ಹೇಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಬಂದವರೂ ಬಹುಪಾಲು ಜಮೀನ್ದಾರರು, ವರ್ತಕರು. ಆದರೂ ವರ್ಷಕ್ಕೊಂದು ದಿನ ಗೊತ್ತಿತ್ತು. ಆ ದಿನ ದಿವಾನರು ಕೂತು ಕೇಳಲೇಬೇಕಿತ್ತು.

ಅದು ಸಾಲದು ಎಂದೇ 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಬಾವುಟ ಏರಿಸಿದರು, 1947ರಲ್ಲಿ ಮೈಸೂರು ಚಲೋ ನಡೆಯಿತು. ಕಟ್ಟೆ ಕಟ್ಟಿಕೊಟ್ಟ ಸರ್ಕಾರ ಒಳ್ಳೆಯದೇ ಆದರೂ ಅದು ನಮ್ಮದಾಗಿರಬೇಕು ಎಂದು ಜನ ಕೇಳಿದರು. ನಿನ್ನೆ ನಾನು ಇದನ್ನು ಮೊದಲೇ ಹೇಳಬೇಕಿತ್ತು.

ಪಂಚಾಯ್ತಿ ಮೆಂಬರ್ (ಪಾಂಡವಪುರ ಕಡೆ)
ಸೋಮವಾರ, ಬೆಳಿಗ್ಗೆ 9:30

ಮೇಷ್ಟ್ರೇ, ಗೊತ್ತಾದ ದಿನ ಎಂದಿರಲ್ಲ. ನಮ್ಮ ಸಂಕಟ ಅದೇ. ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ತಂದ ಪಂಚಾಯ್ತಿ ಕಾಯ್ದೆಯಲ್ಲಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಚುನಾವಣೆ ಆಯಿತು. ಹೆಂಗಸರಿಗೆ ನೂರಕ್ಕೆ 25 ಜಾಗ ಆಗಲೇ ಮೀಸಲು. ಅವರ ಹೆಸರಿನ ತರಬೇತಿ ಸಂಸ್ಥೆ ಮೈಸೂರಲ್ಲೇ ಇದೆ. ಮೆಂಬರ್ ಆದ ಹೊಸದರಲ್ಲಿ ನಾನು ಅಲ್ಲಿಗೆ ಹೋಗಿ ಬಂದೆ. ಗ್ರಾಮಸಭೆ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಅಲ್ಲಿ.

ಅಂಥ ರಾಜ್ಯದಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಮೈಸೂರು ಪಾಲಿಕೆ ಅವಧಿಯೂ 2023ರ ನವೆಂಬರ್‌ಗೆ ಮುಗಿಯಿತು. ಅಲ್ಲೂ ಅಧಿಕಾರಿಗಳದ್ದೇ ಆಡಳಿತ. ನಾಲೆ ಹೂಳು ತುಂಬಿದರೆ ಮೊದಲು ಜಿಲ್ಲಾ ಪಂಚಾಯ್ತಿ ಸದಸ್ಯರ ಮನೆಗೆ ಹೋಗಿ ಕೇಳುತ್ತಿದ್ದೆವು. ಈಗ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ. ಒಂದು ಪಕ್ಷದ ಸರ್ಕಾರ ಮುಂದೂಡಿತು, ಇನ್ನೊಂದು ಬಂದು ಅದನ್ನೇ ಮುಂದುವರಿಸಿತು.

ಚುನಾವಣೆಯೂ ನಿಮ್ಮ 14 ದಿನದ ಹಾಗೇ ಅಣ್ಣ. ಅವಧಿ ಮುಗಿದರೆ ತಾನಾಗೇ ಬರಬೇಕು. ಯಾರೋ ಕೋರ್ಟಿಗೆ ಹೋಗಿ ಕೇಳುವಂತೆ ಆಗಬಾರದು.

ಮಾನಸಗಂಗೋತ್ರಿ ಹುಡುಗ
ಸೋಮವಾರ, ಬೆಳಿಗ್ಗೆ 11:45

ಅಣ್ಣ, ರಾತ್ರಿ ಆ 1966ರ ಆದೇಶ ತೆಗೆದು ಓದಿದೆ. 14 ದಿನ ದಾಟಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು ಎಂದಿದೆ. 3ನೇ ಕಲಂನ 3ಎ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲೂ ಅವಕಾಶ ಇದೆ. ನಿಮ್ಮದು 74 ದಿನ. 14 ಕಳೆದರೆ 60. ಒಂದು ಲಕ್ಷಕ್ಕೆ 60 ದಿನದ ಬಡ್ಡಿ ಸುಮಾರು 2,466 ರೂಪಾಯಿ.

ಕೂಳೆಕಬ್ಬು
ಸೋಮವಾರ, ಮಧ್ಯಾಹ್ನ 1:10

ತಮ್ಮಾ, ಕಾರ್ಖಾನೆ ದುಡ್ಡು ಬರಲಿಲ್ಲ ಎಂದು ನಾನು ಕೈಸಾಲ ತೆಗೆದದ್ದು ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ. ಲಕ್ಷಕ್ಕೆ ಎರಡು ತಿಂಗಳಿಗೆ 6,000. ಆದರೂ ಆ 2,466 ನನ್ನದು. ಅದನ್ನು ಯಾಕೆ ಬಿಡಲಿ?

ಒಬ್ಬನೇ ಕೇಳಿದರೆ ಪರ್ಮಿಟ್ ಭಯ ಇದ್ದದ್ದೇ. ಬೆಳಿಗ್ಗೆ ಅರಳಿಕಟ್ಟೆ ಮೇಲೆ ಈ ಕಲಂ ಓದಿ ಹೇಳಿದೆ. ದೊಡ್ಡಪ್ಪನ ಮಗನೂ ಬಂದಿದ್ದ, ಮಾವನೂ ಬಂದಿದ್ದರು. 17 ಜನ ಸಹಿ ಹಾಕುತ್ತೇವೆ ಎಂದಿದ್ದಾರೆ. ಬಾಕಿ ಮಾತ್ರ ಅಲ್ಲ, ಬಡ್ಡಿಯನ್ನೂ ಕೇಳಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ. ಒಂದು ಪ್ರತಿ ಸಕ್ಕರೆ ಆಯುಕ್ತರಿಗೆ.

ಪಂಚಾಯ್ತಿ ಮೆಂಬರ್ (ಪಾಂಡವಪುರ ಕಡೆ)
ಸೋಮವಾರ, ಮಧ್ಯಾಹ್ನ 1:40

ನಮ್ಮ ಕಡೆಯವರೂ ಇದ್ದಾರೆ. ಹೆಂಗಸರ ಹೆಸರಲ್ಲಿ ಜಮೀನು ಇರುವ ನಾಲ್ಕು ಮನೆ. ಅವರ ತೂಕದ ಚೀಟಿ ಗಂಡಂದಿರ ಹತ್ತಿರ ಇದೆ. ಸಂಜೆ ಹೋಗಿ ಈಸಿಕೊಳ್ಳುತ್ತೇನೆ. ಯಾವ ದಿನ ಹೋಗುತ್ತೀರಿ?

ಹೆಬ್ಬಾಳ ವರ್ಕ್‌ಶಾಪ್
ಸೋಮವಾರ, ಮಧ್ಯಾಹ್ನ 2:05

ನಮ್ಮ ಸಾಲಿನ ಮೂರು ಶೆಡ್ಡಿನವರಿಗೆ ಅದೇ ಸಂಸ್ಥೆಯಿಂದ ಬಾಕಿ ಇದೆ ಎಂದು ಇವತ್ತು ಕೇಳಿದಾಗ ಗೊತ್ತಾಯಿತು. ಪಕ್ಕಪಕ್ಕದಲ್ಲೇ ಇದ್ದು ಇಷ್ಟು ದಿನ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನಾಲ್ಕು ಜನ ಒಟ್ಟಿಗೆ ಸಮಾಧಾನ್‌ನಲ್ಲಿ ಹಾಕುತ್ತೇವೆ.

ಕೂಳೆಕಬ್ಬು
ಸೋಮವಾರ, ಮಧ್ಯಾಹ್ನ 2:20

ಗುರುವಾರ ಬೆಳಿಗ್ಗೆ 10:30ಕ್ಕೆ, ಅಕ್ಕ. ಡಿಸಿ ಕಚೇರಿ ಗೇಟಿನ ಹತ್ತಿರ. ತೂಕದ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮೂರಕ್ಕೂ ಎರಡೆರಡು ಜೆರಾಕ್ಸ್ ಇರಲಿ. ನನ್ನ ನಾಲ್ಕು ಚೀಟಿಯಲ್ಲಿ ಒಂದು ಮಳೆಗೆ ನೆನೆದು ತೂಕ ಅಳಿಸಿಹೋಗಿದೆ. ತಾರೀಕು ಓದಲು ಬರುತ್ತದೆ. ಅದನ್ನೂ ತರುತ್ತೇನೆ.